ಲೋಟ ಕೇಳಿದರೆ ಚೊಂಬು: ಮುಂಬೈ, ಪುಣೆ, ಗೋವೆಯಲ್ಲಿ ಪಾತ್ರೆಪಗಡದ ಆರು ದಿನ

ಮೊದಲನೆಯ ದಿನ, ಸೋಮವಾರ: ತಾಂಬಾ ಕಾಂಟಾ

ಕೈಯಲ್ಲಿದ್ದ ಪಟ್ಟಿಯಲ್ಲಿ 16 ಸಾಮಾನು, ಮೂರು ಕನ್ನಡ. ಮುಂಬೈ ಹತ್ತಿರದ ಡೊಂಬಿವಲಿಯ ಹೊಸ ಮನೆಗೆ ಬೇಕಾದದ್ದನ್ನು ಧಾರವಾಡದ ಅತ್ತೆ ಹೇಳಿದ್ದಾರೆ, ಮೈಸೂರಿನ ಸೊಸೆ ಬರೆದಿದ್ದಾಳೆ, ಎದುರು ಮನೆಯ ಮಂಗಳೂರಿನ ಅಕ್ಕ ತಿದ್ದಿದ್ದಾರೆ. ‘ತಂಬಿಗಿ 2’ ಎಂಬುದರ ಪಕ್ಕದಲ್ಲಿ ‘ಚೊಂಬು’ ಎಂದಿದೆ, ಅದನ್ನು ಹೊಡೆದು ‘ಚೆಂಬು’ ಎಂದಿದೆ. ‘ಬಟ್ಟಲು 6’ ಎಂಬುದರ ಮುಂದೆ ದೊಡ್ಡ ಪ್ರಶ್ನೆ ಚಿಹ್ನೆ.

ಮಸ್ಜಿದ್ ಸ್ಟೇಷನ್‌ನಲ್ಲಿ ಇಳಿದು ಪಾಯಧುನಿಯ ಕಡೆ ನಡೆದರೆ ತಾಂಬಾ ಕಾಂಟಾ, ಮುಂಬೈಯ ಹಳೆಯ ತಾಮ್ರ-ಹಿತ್ತಾಳೆ ಪೇಟೆ. ಕಾಂಟಾ ಅಂದರೆ ತಕ್ಕಡಿ. ಧಾರವಾಡದ ಕಡೆ ಇಂದಿಗೂ ‘ಕಾಟಾ’ ಎನ್ನುತ್ತಾರೆ. ಇಲ್ಲಿ ಮರಾಠಿ, ಹಿಂದಿ, ಗುಜರಾತಿ ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಪೂರ್ತಿ ಗೊತ್ತಿಲ್ಲದ ಪದದಿಂದ ಇಲ್ಲಿ ತೊಂದರೆ ಇಲ್ಲ, ಬೆರಳು ತೋರಿಸಿದರೆ ಆಯಿತು. ತೊಂದರೆ ಕೊಡುವುದು ನಮ್ಮಲ್ಲೂ ಅವರಲ್ಲೂ ಇದ್ದು, ಬೇರೆ ಬೇರೆ ಪಾತ್ರೆಯ ಮೇಲೆ ಕೂತಿರುವ ಪದ.

ಮೊದಲ ಪೆಟ್ಟು ಲೋಟದಿಂದಲೇ. ‘ಲೋಟಾ’ ಎಂದು ಆರು ಕೇಳಿದರೆ ಅಂಗಡಿಯವರು ಹೊಟ್ಟೆ ಉಬ್ಬಿ ಕತ್ತು ಸಣ್ಣಗಾದ ಆರು ಚೊಂಬುಗಳನ್ನು ಸಾಲಾಗಿ ಇಡುತ್ತಾರೆ. ನಮ್ಮ ನೆಟ್ಟಗಿನ ಲೋಟ ಬೇಕಿದ್ದರೆ ‘ಗ್ಲಾಸ್’ ಎನ್ನಬೇಕು, ಸ್ಟೀಲಿನದ್ದಾದರೂ ಗ್ಲಾಸೇ. ಮರಾಠಿಯಲ್ಲಿ ‘ಪೇಲಾ’ ಎಂದರೂ ನಡೆಯುತ್ತದೆ. ಚೊಂಬಿಗೆ ಮರಾಠಿ ಹೆಸರು ‘ತಾಂಬ್ಯಾ’. ಅದರ ಮೇಲೆ ಬೋರಲು ಹಾಕಿ ಇಡುವ ಕುಡಿಯುವ ಪಾತ್ರೆಯೂ ಜೊತೆಗೆ ಬೇಕಾದರೆ ‘ತಾಂಬ್ಯಾ-ಭಾಂಡೆ’. ಇಲ್ಲಿ ಧಾರವಾಡದ ಅತ್ತೆಗೆ ಮತ್ತೊಂದು ಗೊಂದಲ ಕಾದಿದೆ: ಅವರ ಮನೆಯಲ್ಲಿ ‘ಭಾಂಡೆ’ ಅಂದರೆ ತಿಕ್ಕಲು ಹಾಕಿದ ಪಾತ್ರೆಗಳೆಲ್ಲ ಸೇರಿ. ಮರಾಠಿಯಲ್ಲಿ ಆ ಅರ್ಥವೂ ಇದೆ, ಒಂದೇ ಒಂದು ಕುಡಿಯುವ ಪಾತ್ರೆ ಎಂಬ ಅರ್ಥವೂ ಇದೆ.

ಬಟ್ಟಲಿನ ಪ್ರಶ್ನೆಚಿಹ್ನೆ ಕನ್ನಡದ ಒಳಗಿನದೇ. ಮೈಸೂರಿನಲ್ಲಿ ಬಟ್ಟಲು ಅಂದರೆ ಪಾಯಸ ಹಾಕಿಕೊಳ್ಳುವಷ್ಟು ಸಣ್ಣದು. ಕರಾವಳಿಯಲ್ಲಿ ಬಟ್ಟಲಲ್ಲೇ ಊಟ, ಅಂದರೆ ಅದು ತಟ್ಟೆ. ಪೇಟೆಯಲ್ಲಿ ಮೊದಲನೆಯದಕ್ಕೆ ‘ವಾಟಿ’, ಎರಡನೆಯದಕ್ಕೆ ‘ತಾಟ್’ ಅಥವಾ ‘ಥಾಳಿ’. ತಟ್ಟೆಯನ್ನು ಇಂಚಿನಲ್ಲೇ ಕೇಳಿ. ಊಟಕ್ಕೆ 12 ಇಂಚು ಸಾಕು, ತಿಂಡಿಗೆ 8. ಬರಿಯ ‘ದೊಡ್ಡದು’ ಎಂದರೆ ಕೈಗೆ ಬರುವುದು ಹಿಟ್ಟು ಕಲಸುವ ಪರಾತ.

ತಾಮ್ರ, ಹಿತ್ತಾಳೆ ಇಲ್ಲಿ ತೂಕದ ಲೆಕ್ಕ. ಬೆಲೆ ಕೇಳುವಾಗ ಮೂರು ಸಂಗತಿ ಬಿಡಿಸಿ ಕೇಳಬೇಕು: ಕಿಲೋ ದರ, ಕೂಲಿ ಅದರಲ್ಲಿ ಸೇರಿದೆಯೇ, ಕಲಾಯಿ ಬೇರೆಯೇ. ಹಿಡಿಕೆ ಹಿತ್ತಾಳೆಯದ್ದಾಗಿದ್ದರೆ ಅದನ್ನೂ ತಾಮ್ರದ ದರದಲ್ಲೇ ತೂಗುವುದುಂಟು. ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ತಾಮ್ರಕ್ಕೂ ಹಿತ್ತಾಳೆಗೂ ಅದು ಅಂಟುವುದಿಲ್ಲ. ಅಂಟಿತೆಂದರೆ ಒಳಗೆ ಕಬ್ಬಿಣ, ಮೇಲೆ ಬರಿಯ ಬಣ್ಣ. ಸ್ಟೀಲಿನ ವಿಷಯದಲ್ಲಿ ಮಾತ್ರ ಇದನ್ನು ನಂಬಬೇಡಿ. ಅಯಸ್ಕಾಂತ ಅಂಟದ ಸ್ಟೀಲೆಲ್ಲ ಒಳ್ಳೆಯದಲ್ಲ, 200 ಸರಣಿಯ ಅಗ್ಗದ ಸ್ಟೀಲಿಗೂ ಅದು ಅಂಟುವುದಿಲ್ಲ. ಇಂಡಕ್ಷನ್ ಒಲೆಗೆ ಕೊಳ್ಳುವವರಿಗಾದರೋ ತಳಕ್ಕೆ ಅಂಟಲೇಬೇಕು.

ಕಲಾಯಿಗೆ ಮರಾಠಿಯಲ್ಲಿ ‘ಕಲ್ಹಈ’. ಬೀದಿಯ ಮೂಲೆಯಲ್ಲಿ ಮಾಡುವುದನ್ನು ನಿಂತು ನೋಡಬಹುದು. ಪಾತ್ರೆಯನ್ನು ಉಜ್ಜಿ ಜಿಡ್ಡು ತೆಗೆದು ಬೆಂಕಿಯ ಮೇಲೆ ತಿರುಗಿಸುತ್ತಾರೆ. ಕಾದ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಏಳುತ್ತದೆ. ಒಳಮೈಯ ಕಿಲುಬನ್ನು ಬಿಡಿಸುವುದು ಅದೇ. ಆಗ ತವರದ ಕಡ್ಡಿ ಮುಟ್ಟಿಸಿದರೆ ಕರಗುತ್ತದೆ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಕೂಡಲೇ ಹತ್ತಿಯ ಉಂಡೆಯಿಂದ ಸುತ್ತಲೂ ಎಳೆದು ತಣ್ಣೀರಿಗೆ ಅದ್ದುತ್ತಾರೆ. ಕಾವು ಕಡಿಮೆಯಾದರೆ ತವರ ಗಂಟುಗಟ್ಟುತ್ತದೆ, ಜಿಡ್ಡು ಉಳಿದಿದ್ದರೆ ಅಲ್ಲಲ್ಲಿ ತಾಮ್ರ ಇಣುಕುತ್ತದೆ. ಕಡ್ಡಿಯಲ್ಲಿ ಸೀಸ ಬೆರೆಸಿರಬಹುದೆಂಬ ಅನುಮಾನ ಬಂದರೆ ಬಗ್ಗಿಸಿ ತೋರಿಸಲು ಹೇಳಿ: ಶುದ್ಧ ತವರ ಬಗ್ಗುವಾಗ ಕಿರ್ರೆನ್ನುತ್ತದೆ, ಸೀಸ ಹೆಚ್ಚಿದಷ್ಟೂ ಸದ್ದು ಅಡಗುತ್ತದೆ. ಮರಾಠಿಯಲ್ಲಿ ತವರಕ್ಕೆ ‘ಕಥೀಲ್’. ಕಲಾಯಿ ಪಾತ್ರೆಯನ್ನು ಒಲೆಯ ಮೇಲೆ ಖಾಲಿ ಇಟ್ಟು ಮರೆಯಬಾರದು, ಕರಗುವ ಬಿಂದು ಅಷ್ಟು ಕೆಳಗಿದೆ. ಸ್ಟೀಲ್ ಜುಂಗಿನಿಂದ ಉಜ್ಜಲೂಬಾರದು.

ಎರಡನೆಯ ದಿನ, ಮಂಗಳವಾರ: ಧಾರಾವಿಯ ಕುಂಭಾರವಾಡ, ಭುಲೇಶ್ವರ

ಬೆಳಿಗ್ಗೆ ಧಾರಾವಿ. ಇಲ್ಲಿಯ ಕುಂಬಾರರು ಮೂಲತಃ ಸೌರಾಷ್ಟ್ರದವರು, ಹಾಗಾಗಿ ಮಣ್ಣಿನ ಪಾತ್ರೆಗಳ ಹೆಸರು ಗುಜರಾತಿಯಲ್ಲಿ: ನೀರಿನ ಮಡಕೆಗೆ ‘ಮಾಟಲು’, ರೊಟ್ಟಿ ಸುಡುವ ಮಣ್ಣಿನ ಹಂಚಿಗೆ ‘ತಾವಡಿ’. ಮುಂಬೈಯ ಹಿಂದಿಯವರಿಗೆ ಮಡಕೆ ‘ಮಟ್ಕಾ’, ಮರಾಠಿಯವರಿಗೆ ‘ಮಾಠ್’.

ಪಟ್ಟಿಯ ‘ಹಂಚು 1’ ಇಲ್ಲಿ ಸಿಕ್ಕಿಬಿತ್ತು. ಧಾರವಾಡದಲ್ಲೂ ಮೈಸೂರಿನಲ್ಲೂ ಅದು ರೊಟ್ಟಿಯ ಹಂಚು. ಮಂಗಳೂರಿನ ಅಕ್ಕನಿಗೆ ಹಂಚು ಅಂದರೆ ಮೊದಲು ಕಾಣುವುದು ಮಾಡು, ದೋಸೆಗೆ ಅವರದ್ದು ‘ಕಾವಲಿ’. ಮರಾಠಿಯಲ್ಲಿ ಮಾಡಿನ ಹಂಚಿಗೆ ‘ಕೌಲ್’. ಕಾವಲಿ ಕೇಳಿದವರ ಮಾತನ್ನು ಅರ್ಧ ಕೇಳಿಸಿಕೊಂಡ ಅಂಗಡಿಯವರು ಮಾಡಿನ ಹಂಚಿನ ದಾರಿ ತೋರಿಸಿದರೆ ತಪ್ಪು ಯಾರದ್ದೂ ಅಲ್ಲ. ‘ತವಾ’ ಎಂದುಬಿಡಿ, ಮೂರೂ ಊರಿನಲ್ಲಿ ನಡೆಯುತ್ತದೆ.

ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಚೆನ್ನಾಗಿ ಬೆಂದಿದೆ. ಮಂದವಾಗಿ ‘ದಬ್’ ಎಂದರೆ ಕೂದಲೆಳೆಯಷ್ಟು ಬಿರುಕು ಇರಬಹುದು. ನೀರಿನ ಮಡಕೆಗೆ ಒಳಗೂ ಹೊರಗೂ ಹೊಳಪಿನ ಲೇಪ ಇರಬಾರದು, ರಂಧ್ರ ಮುಚ್ಚಿದರೆ ನೀರು ಜಿನುಗದು, ಜಿನುಗಿ ಆರದಿದ್ದರೆ ತಣ್ಣಗಾಗದು. ಸೋಪು ಹಾಕಿ ತೊಳೆಯಬೇಡಿ, ಮಣ್ಣು ಅದನ್ನು ಹೀರಿಕೊಂಡು ನೀರಿಗೆ ಬಿಡುತ್ತದೆ. ಮಡಕೆಯ ಕೆಳಗಿಡುವ ಸಿಂಬಿಗೆ ಮರಾಠಿಯಲ್ಲಿ ‘ಚುಂಬಳ್’. ಇದೊಂದನ್ನು ನೆನಪಿಟ್ಟುಕೊಳ್ಳುವುದು ಸುಲಭ.

ಮಧ್ಯಾಹ್ನ ಭುಲೇಶ್ವರ. ಈಳಿಗೆಯ ಹುಡುಕಾಟ. ಮೈಸೂರಿನ ‘ಈಳಿಗೆಮಣೆ’, ಧಾರವಾಡದ ‘ಈಳಗಿ’, ಕರಾವಳಿಯ ‘ಮೆಟ್ಟುಕತ್ತಿ’ ಎಲ್ಲವೂ ಇಲ್ಲಿ ‘ವಿಳೀ’. ತುದಿಯಲ್ಲಿ ಕಾಯಿ ತುರಿಯುವ ಹಲ್ಲು ಇರುವುದನ್ನು ಮುಂಬೈಯ ಕೆಲವು ಹಳೆಯ ಮರಾಠಿ ಮನೆಗಳಲ್ಲಿ ‘ಮೋರಳೀ’ ಎನ್ನುತ್ತಾರೆ. ಕರಾವಳಿಯ ಹೆಸರೇ ಇದರ ಬಳಕೆಯನ್ನು ಹೇಳಿಬಿಡುತ್ತದೆ: ಮೆಟ್ಟಿ ಹಿಡಿಯುವ ಕತ್ತಿ. ಕೊಳ್ಳುವಾಗ ನೋಡಬೇಕಾದದ್ದೂ ಅದನ್ನೇ. ಹಲಗೆ ಗಿಡ್ಡವಾಗಿದ್ದರೆ ಕಾಲು ಊರಲು ಜಾಗವಿಲ್ಲ, ಕುಂಬಳಕಾಯಿ ಒತ್ತಿದಾಗ ಇಡೀ ಮಣೆ ಮುಂದಕ್ಕೆ ಮುಗ್ಗರಿಸುತ್ತದೆ. ಅಲಗನ್ನು ಮಡಚುವ ಕೀಲು ಅಲ್ಲಾಡಬಾರದು. ಕಬ್ಬಿಣದ ಅಲಗು ತುಕ್ಕು ಹಿಡಿಯುತ್ತದೆ, ಆದರೆ ಮನೆಯಲ್ಲೇ ಸಾಣೆ ಹಿಡಿಯಬಹುದು. ಒರೆಸಿ ಕೊಬ್ಬರಿ ಎಣ್ಣೆ ಸವರಿ ಮಡಚಿಟ್ಟರೆ ವರ್ಷಗಟ್ಟಲೆ ಬರುತ್ತದೆ. ನೆಲದ ಮೇಲೆ ಕೂರಲಾಗದವರಿಗೆ ಅಡುಗೆಕಟ್ಟೆಯ ಅಂಚಿಗೆ ಬಿಗಿಯುವ ಈಳಿಗೆಯೂ ಇದೆ. ಅಡುಗೆಕಟ್ಟೆಗೆ ಇಲ್ಲಿ ‘ಓಟಾ’ ಎನ್ನುತ್ತಾರೆ, ಆ ಪದ ಹೇಳಿ ಕೇಳಬೇಕು.

ಇನ್ನುಳಿದವು ಬೇಗ ಮುಗಿದವು. ಅಡುಗೆ ಬೇಯಿಸುವ ಪಾತ್ರೆಗೆ ಮುಂಬೈಯಲ್ಲಿ ‘ಟೋಪ್’. ಇದೇ ಪಾತ್ರೆ ಪುಣೆಯಲ್ಲಿ ‘ಪಾತೇಲೆ’. ಇಕ್ಕಳಕ್ಕೆ ‘ಸಾಂಡಶೀ’, ಕುಟ್ಟಾಣಿಗೆ ‘ಖಲಬತ್ತಾ’, ಟೀ ಸೋಸುವುದಕ್ಕೆ ‘ಗಾಳಣೀ’. ಅತ್ತೆಯಿದ್ದಿದ್ದರೆ ಕೊನೆಯ ಎರಡಕ್ಕೆ ಅನುವಾದವೇ ಬೇಕಿರಲಿಲ್ಲ. ಬಾಣಲೆಯ ವಿಷಯದಲ್ಲಿ ಎಚ್ಚರ: ಮೈಸೂರಿನ ‘ಬಾಂಡ್ಲಿ’ ಒಲೆಯ ಮೇಲೂ ಇರುತ್ತದೆ, ಗಾರೆ ಕೆಲಸದವರ ತಲೆಯ ಮೇಲೂ ಇರುತ್ತದೆ. ಮರಾಠಿಯಲ್ಲಿ ಕರಿಯುವುದು ‘ಕಢಈ’, ಸಿಮೆಂಟು ಹೊರುವುದು ‘ಘಮೇಲೆ’. ಹಾಗೆಯೇ ‘ಪಾವು’. ಮೈಸೂರಿನಲ್ಲಿ ಅದು ಅಕ್ಕಿ ಅಳೆಯುವ ಪಾತ್ರೆ, ನಾಲ್ಕು ಸೇರಿದರೆ ಒಂದು ಸೇರು. ಮುಂಬೈಯಲ್ಲಿ ‘ಪಾವ್’ ತೂಕವಾದರೆ 250 ಗ್ರಾಂ, ತಿನಿಸಾದರೆ ಬ್ರೆಡ್ಡು. ಅಳೆಯುವ ಪಾವು ಬೇಕಿದ್ದವರು ಅದನ್ನು ಊರಿನಿಂದಲೇ ತರುವುದು ಒಳ್ಳೆಯದು.

ಸಂಜೆ 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ರೈಲು ಹಿಡಿದು ಪುಣೆ.

ಮೂರನೆಯ ದಿನ, ಬುಧವಾರ: ಪುಣೆಯ ತಾಂಬಟ್ ಆಳಿ

ಪುಣೆಯ ಅತಿ ಹಳೆಯ ಪೇಟೆಯಾದ ಕಸಬಾ ಪೇಠದಲ್ಲಿ ತಾಂಬಟರ, ಅಂದರೆ ತಾಮ್ರದ ಪಾತ್ರೆ ಮಾಡುವವರ ಓಣಿ ಇದೆ. ‘ಆಳಿ’ ಅಂದರೆ ಓಣಿ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತದೆ. ಬೆಸೆದು ತೊಳೆದ ತಾಮ್ರದ ಪಾತ್ರೆಯನ್ನು ಕಬ್ಬಿಣದ ಆಸರೆಯ ಮೇಲೆ ಕೂರಿಸಿ, ನುಣುಪು ಮುಖದ ಸುತ್ತಿಗೆಯಿಂದ ಸಾಲು ಸಾಲಾಗಿ ಬಡಿಯುತ್ತಾರೆ. ಇದು ‘ಮಠಾರಕಾಮ’. ಆ ಗುಳಿಗಳು ಬರೀ ಅಂದಕ್ಕಲ್ಲ; ಬಡಿದಷ್ಟೂ ತಾಮ್ರದ ಹಾಳೆ ಗಟ್ಟಿಯಾಗುತ್ತದೆ, ತೆಳುವಿದ್ದರೂ ಸುಲಭಕ್ಕೆ ಜಜ್ಜುವುದಿಲ್ಲ. ಕೈಯಿಂದ ಬಡಿದದ್ದರಲ್ಲಿ ಗುಳಿಗಳು ಒಂದಕ್ಕೊಂದು ತುಸು ಹತ್ತಿಕೊಂಡು, ಸಾಲು ಅಲ್ಲಲ್ಲಿ ಸೊಟ್ಟಗಿರುತ್ತದೆ. ಎಲ್ಲ ಗುಳಿಯೂ ಒಂದೇ ಅಚ್ಚಿನಂತಿದ್ದರೆ ಅದು ಯಂತ್ರದ ಕೆಲಸ.

ಇಲ್ಲಿ ‘ಗಂಗಾಳ 4’ ಎಂದು ಪಟ್ಟಿ ಓದಿದರೆ ನಗು ಏಳುವುದು ಖಂಡಿತ. ಉತ್ತರ ಕರ್ನಾಟಕದಲ್ಲಿ ಗಂಗಾಳ ಅಂದರೆ ಊಟದ ತಟ್ಟೆ, ‘ಗಂಗಾಳ ಹಾಕ್ರಿ’ ಅಂದರೆ ಊಟಕ್ಕೆ ಬಡಿಸಿ ಎಂದೇ ಲೆಕ್ಕ. ತಾಂಬಟ್ ಆಳಿಯಲ್ಲಿ ‘ಘಂಗಾಳ’ ಅಂದರೆ ಸ್ನಾನದ ನೀರು ತೋಡುವ ಅಗಲ ಬಾಯಿಯ ಪಾತ್ರೆ, ಎರಡು ಕಡೆ ಬಳೆಯಂಥ ಹಿಡಿಕೆ, ಎತ್ತಲು ಇಬ್ಬರು. ಬಿಸಿನೀರು ತಣ್ಣೀರು ಅದರಲ್ಲೇ ಬೆರೆಸಿ ತಾಂಬ್ಯಾದಿಂದ ಮೈಮೇಲೆ ಹೊಯ್ದುಕೊಳ್ಳುವುದು. ನಾಲ್ಕು ಘಂಗಾಳ ಕೊಂಡ ಮನೆಯಲ್ಲಿ ಮಲಗಲು ಜಾಗ ಉಳಿಯದು.

ಅದರ ಜೋಡಿ ‘ಬಂಬ್’. ನಮ್ಮ ಹಂಡೆಯ ಕೆಲಸವೇ, ರಚನೆ ಬೇರೆ. ಹಂಡೆಗೆ ಬೆಂಕಿ ಕೆಳಗೆ; ಬಂಬಿನಲ್ಲಿ ಬೆಂಕಿ ನಡುವೆ. ಉರುಳೆಯ ಮಧ್ಯದಲ್ಲಿ ಕೊಳವೆ, ಅದರಲ್ಲಿ ಇದ್ದಿಲು ಅಥವಾ ಸಣ್ಣ ಕಟ್ಟಿಗೆ, ಸುತ್ತಲೂ ನೀರು, ಕೆಳಗೆ ನಲ್ಲಿ. ಬೆಂಕಿಯ ಕಾವು ಪೋಲಾಗದೆ ನೀರಿಗೇ ಹೋಗುವುದರಿಂದ ಬೇಗ ಕಾಯುತ್ತದೆ. ಕೆಡುವುದು ಒಂದೇ ಕಾರಣಕ್ಕೆ: ನೀರು ತುಂಬುವ ಮೊದಲು ಬೆಂಕಿ ಹಾಕುವುದು, ಇಲ್ಲವೇ ಉರಿಯುತ್ತಿರುವಾಗಲೇ ನೀರು ಪೂರ್ತಿ ಬಿಟ್ಟುಕೊಳ್ಳುವುದು. ಬೆಸುಗೆ ಬಿಟ್ಟು ಕೊಳವೆಯ ಬುಡದಲ್ಲಿ ಸೋರಲು ಶುರುವಾಗುತ್ತದೆ. ಹಳೆಯ ಬಂಬ್ ಕೊಳ್ಳುವವರು ನೀರು ತುಂಬಿಸಿ, ಅರ್ಧ ಗಂಟೆ ಒಣ ನೆಲದ ಮೇಲಿಟ್ಟು, ಬೂದಿ ಬೀಳುವ ಜಾಗ ಒದ್ದೆಯಾಯಿತೇ ನೋಡಬೇಕು. ಹಸಿರು ಕಿಲುಬಿಗೆ ಹುಣಸೆಹಣ್ಣು, ಉಪ್ಪು. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು ಒರೆಸಿ ಒಣಗಿಸದಿದ್ದರೆ ಎರಡೇ ದಿನಕ್ಕೆ ಕಲೆ.

ಮಧ್ಯಾಹ್ನ ಬಾಜಿರಾವ್ ರಸ್ತೆಯ ಬಳಿಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ. ದಿನಕರ ಕೇಳ್ಕರ್ ಸಂಗ್ರಹ ಆರಂಭಿಸಿದ್ದು 1920ರ ಸುಮಾರಿಗೆ, ಮುಂದೆ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ತೀರಿಹೋದ ಮಗ ರಾಜಾನ ಹೆಸರಿನಲ್ಲಿದೆ. 20,000ಕ್ಕೂ ಹೆಚ್ಚು ವಸ್ತುಗಳ ಸಂಗ್ರಹ, ನೋಡಲು ಇಟ್ಟಿರುವುದು ಅದರ ಒಂದು ಪಾಲು. ರಾಜಮಹಾರಾಜರ ಕತ್ತಿಗಳನ್ನು ಬದಿಗಿಟ್ಟು ದೀಪ, ಅಡುಗೆ ಸಾಮಾನು, ಅಡಕತ್ತರಿಗಳ ಮುಂದೆ ನಿಲ್ಲಿ. ಅಡಕತ್ತರಿಗೆ ಮರಾಠಿಯಲ್ಲಿ ‘ಅಡಕಿತ್ತಾ’. ಅಡಕೆಗೆ ಮರಾಠಿ ‘ಸುಪಾರಿ’. ಅದನ್ನು ಕತ್ತರಿಸುವ ಸಾಧನದ ಹೆಸರಿನಲ್ಲಿ ಮಾತ್ರ ಕನ್ನಡದ ಅಡಕೆ ಹಾಗೆಯೇ ಕೂತಿದೆ. ಧಾರವಾಡದವರ ‘ಅಡಕೊತ್ತು’ ಪಕ್ಕದಲ್ಲಿಟ್ಟು ನೋಡಿದರೆ ನೆಂಟಸ್ತಿಕೆ ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯ ದಿನ, ಗುರುವಾರ: ತುಳಶೀಬಾಗ್

ಪುಣೆಯ ಹೆಂಗಸರ ಪೇಟೆ ಎಂದರೆ ತುಳಶೀಬಾಗ್. ಮುಂಬೈಯಲ್ಲಿ ಕಲಿತ ಪದಗಳಲ್ಲಿ ಅರ್ಧ ಇಲ್ಲಿ ಬದಲಾಗುತ್ತವೆ. ‘ಗ್ಲಾಸ್’ ಎಂದರೆ ಕೊಡುತ್ತಾರೆ, ಆದರೆ ಬಾಯಿ ಅಗಲವಾಗಿ ಅರಳಿದ ಸಣ್ಣ ಲೋಟಕ್ಕೆ ಪುಣೆಯ ಹೆಸರು ‘ಫುಲಪಾತ್ರ’. ಸೌಟಿಗೆ ‘ಡಾವ್’, ಎಣ್ಣೆ-ತುಪ್ಪ ಬಡಿಸುವ ಸಣ್ಣದಕ್ಕೆ ‘ಪಳೀ’, ಮಗುಚೋ ಕೈಗೆ ‘ಉಲಥಣೆ’, ರಂಧ್ರದ ಸೌಟಿಗೆ ‘ಝಾರಾ’. ಗ್ಯಾಸ್ ಒಲೆಗೂ ‘ಶೇಗಡೀ’ ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ಶೇಗಡಿಯಲ್ಲಿ ಇದ್ದಿಲು ಇರಲೇಬೇಕು.

ಬೀಗದಂಗಡಿಯ ಮುಂದೆ ಉತ್ತರ ಕರ್ನಾಟಕದವರು ಎರಡು ಸಲ ಯೋಚಿಸಿ ಬಾಯಿ ತೆರೆಯಬೇಕು. ಅವರ ‘ಕೀಲಿ’ ಅಂದರೆ ಬೀಗ, ತೆರೆಯುವುದು ‘ಕೀಲಿಕೈ’. ಮರಾಠಿಯ ‘ಕಿಲ್ಲೀ’ ಅಂದರೆ ಕೀಲಿಕೈ, ಬೀಗಕ್ಕೆ ‘ಕುಲೂಪ್’. ಬಾಡಿಗೆ ಮನೆಯ ಮಾಲೀಕರು ‘ಕಿಲ್ಲೀ ಕೊಟ್ಟು ಹೋಗಿ’ ಎಂದಾಗ ಬೀಗವನ್ನೇ ಬಿಚ್ಚಿ ಕೊಡುವ ಮಟ್ಟದ ಎಡವಟ್ಟು ಇದರಿಂದ ಆಗಬಹುದು. ‘ಚಾವೀ’ ಎಂಬುದು ಸುರಕ್ಷಿತ.

ಇಲ್ಲಿ ಕೊಳ್ಳಲೇಬೇಕಾದದ್ದು ‘ಬಿಡಾಚಾ ತವಾ’. ಬೀಡ್ ಅಂದರೆ ಎರಕದ ಕಬ್ಬಿಣ. ಕನ್ನಡದ ‘ಬೀಡು ಕಬ್ಬಿಣ’ವೇ. ತಳ ಸಮವಾಗಿದೆಯೇ ಎಂದು ಗಾಜಿನ ಕೌಂಟರಿನ ಮೇಲಿಟ್ಟು ತಿರುಗಿಸಿ ನೋಡಿ, ಬುಗುರಿಯಂತೆ ಸುತ್ತಿದರೆ ಬಿಡಿ. ಮನೆಗೆ ತಂದ ಮೇಲೆ ತೊಳೆದು ಒಲೆಯ ಮೇಲೆ ಪೂರ್ತಿ ಒಣಗಿಸಿ, ಎಣ್ಣೆಯನ್ನು ಬಟ್ಟೆಯಿಂದ ಸವರಿ, ಮತ್ತೆ ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಹಚ್ಚಿದ್ದೇ ಕಾಣದಷ್ಟು ತೆಳುವಾಗಿದ್ದರೆ ಸಾಕು. ಹೊಗೆಯಾಡುವವರೆಗೆ ಕಾಯಿಸಿ ಆರಿಸಿ, ಹೀಗೆ ನಾಲ್ಕು ಸಲ. ಮೊದಲ ದೋಸೆ ಅಂಟುವುದು ಹೆಚ್ಚಾಗಿ ಎಣ್ಣೆ ಸಾಲದೆ ಅಲ್ಲ, ಎಣ್ಣೆ ದಪ್ಪವಾಗಿ ಹಚ್ಚಿ ಅದು ಗೋಂದಿನಂತೆ ಕೂತದ್ದರಿಂದ. ಕಾದ ತವಾದ ಮೇಲೆ ತಣ್ಣೀರು ಸುರಿದರೆ ಬೀಡು ಸೀಳುತ್ತದೆ.

ಪದಗಳ ಬೇಟೆಗೆ ಬಂದವರಿಗೆ ತುಳಶೀಬಾಗಿನಲ್ಲಿ ನಿಘಂಟೇ ಮಾರಾಟಕ್ಕಿದೆ. ‘ಭಾತುಕಲೀ’ ಎಂಬ ಮಕ್ಕಳ ಅಡುಗೆ ಆಟದ ಹಿತ್ತಾಳೆ ಸಾಮಾನು: ಬೆರಳುದ್ದದ ಬಂಬ್, ಘಂಗಾಳ, ಬೀಸುಕಲ್ಲಿನ ‘ಜಾತೆ’, ಲಟ್ಟಣಿಗೆಯ ‘ಲಾಟಣೆ’, ಚಪಾತಿ ಮಣೆಯ ‘ಪೋಳಪಾಟ್’, ಮೊರದ ‘ಸೂಪ್’. ಒಂದೊಂದನ್ನೇ ಎತ್ತಿ ಹೆಸರು ಕೇಳುತ್ತ ಹೋದರೆ ಅರ್ಧ ಗಂಟೆಯಲ್ಲಿ ಅಡುಗೆಮನೆಯ ಮರಾಠಿ ಮುಗಿಯುತ್ತದೆ. ಜನಸಂದಣಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಮಾತ್ರ. ಸಂಜೆ ಹೀಗೆ ಕೇಳಿದರೆ ಪುಣೆಯ ಅಂಗಡಿಯವರ ಉತ್ತರ ಚುಟುಕಾಗಿರುತ್ತದೆ. ರಾತ್ರಿ ಗೋವೆಯ ಬಸ್ಸು.

ಐದನೆಯ ದಿನ, ಶುಕ್ರವಾರ: ಮಾಪುಸಾ

ಇಡೀ ಪ್ರವಾಸವನ್ನು ಸೋಮವಾರದಿಂದ ಹೂಡಿದ್ದೇ ಮಾಪುಸಾದ ಶುಕ್ರವಾರದ ಸಂತೆಗಾಗಿ. ಗೋವೆಯ ಸಂತೆಗಳಲ್ಲಿ ಉತ್ತರ ಕರ್ನಾಟಕದ ಮಾತು ಆಗಾಗ ಕಿವಿಗೆ ಬೀಳುತ್ತದೆ, ‘ಎಷ್ಟ್ರೀ?’ ಎಂದರೆ ‘ತಗೋರಿ ಅಕ್ಕಾರ’ ಎಂಬ ಉತ್ತರ ಬಂದೀತು.

ಮಣ್ಣಿನ ಪಾತ್ರೆಗಳ ಸಾಲಿನಲ್ಲಿ ಕೊಂಕಣಿ ಹೆಸರುಗಳು. ಮೀನಿನ ಸಾರಿನ ಅಗಲ ಬಾಯಿಯದು ‘ಕುಂಡ್ಲೆಂ’, ದುಂಡಗಿನ ಚಿಕ್ಕದು ‘ಬುಡ್ಕುಲೊ’, ನೀರಿನ ಕೊಡ ‘ಕೊಳ್ಸೊ’. ಮಂಗಳೂರಿನ ಅಕ್ಕ ಬರೆದ ‘ಬಿಸಲೆ’ಗೆ ಹತ್ತಿರದ್ದು ಕುಂಡ್ಲೆಂ. ಒಂದು ರಾತ್ರಿ, ಒಂದು ಹಗಲು ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಅನ್ನದ ಗಂಜಿ ತುಂಬಿಸಿ ಸಣ್ಣ ಉರಿಯಲ್ಲಿ ಕುದಿಸಿ ಅದರಲ್ಲೇ ಆರಲು ಬಿಡಿ; ಗಂಜಿ ರಂಧ್ರಗಳನ್ನು ಮುಚ್ಚುತ್ತದೆ. ಇದಾದ ಮೇಲೂ ಮೊದಲೆರಡು ಸಲ ಮೀನು ಬೇಡ, ವಾಸನೆ ಉಳಿದುಬಿಡುತ್ತದೆ. ಬಿಸಿ ಕುಂಡ್ಲೆಂ ಅನ್ನು ಒದ್ದೆ ಕಲ್ಲಿನ ಮೇಲೆ ಇಟ್ಟರೆ ತಳ ಒಡೆಯುತ್ತದೆ, ಆಗ ಸಿಂಬಿ ನೆನಪಾಗುತ್ತದೆ. ಬಡಿಸಲು ತೆಂಗಿನ ಚಿಪ್ಪಿನ ಸೌಟು ‘ದವ್ಲೊ’; ಪುಣೆಯ ‘ಡಾವ್’ ನೆನಪಿರಲಿ. ಕೊಳ್ಳುವಾಗ ಹಿಡಿ ಚಿಪ್ಪಿಗೆ ಸೇರುವಲ್ಲಿ ಅಲ್ಲಾಡಿಸಿ ನೋಡಿ. ಈಳಿಗೆ ಇಲ್ಲಿ ‘ಆದೊಳಿ’.

ಪೋರ್ಚುಗೀಸರು 1510ರಿಂದ 1961ರವರೆಗೆ ಇದ್ದ ಗೋವೆ ಇದು, ಅವರ ಅಡುಗೆಮನೆ ಮಾತೂ ಉಳಿದಿದೆ. ಚಮಚಕ್ಕೆ ‘ಕುಲೆರ್’, ಮುಳ್ಳುಚಮಚಕ್ಕೆ ‘ಗಾರ್ಫ್’, ಕುರ್ಚಿಗೆ ‘ಕದೆಲ್’, ಕಿಟಕಿಗೆ ‘ಜನೆಲ್’. ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು: ಚಾವಿ, ಅಲಮಾರು, ಕರಾವಳಿಯ ಬಾಲ್ದಿ ಬಂದದ್ದೂ ಅದೇ ದಾರಿಯಲ್ಲಿ. ಭುಲೇಶ್ವರದ ಘಮೇಲೆಯೂ ಅವರ ‘ಗಾಮೆಲಾ’.

ಆರನೆಯ ದಿನ, ಶನಿವಾರ: ಬಾಣಾವಲಿ, ಮಡಗಾಂವ್

ಬಾಣಾವಲಿಯಲ್ಲಿ ವಿಕ್ಟರ್ ಹ್ಯೂಗೋ ಗೋಮ್ಸ್ ಕಟ್ಟಿದ ‘ಗೋವಾ ಚಿತ್ರ’ ಸಂಗ್ರಹಾಲಯ, ಬೇಸಾಯದ ಮತ್ತು ಮನೆಬಳಕೆಯ ಹಳೆಯ ಸಾಮಾನುಗಳದ್ದು. ಗೋವೆಯ ಮನೆಯಲ್ಲಿ ಬೀಸುಕಲ್ಲು ‘ದಾಂತೆಂ’, ರುಬ್ಬುಕಲ್ಲು ‘ರಗ್ಡೊ’. ಧಾರವಾಡದಲ್ಲಿ ‘ರಗಡ ಆತು’ ಅಂದರೆ ಬೇಕಾದಷ್ಟಾಯಿತು. ಕೊಂಕಣಿ ರಗ್ಡೊದ ಹತ್ತಿರದವರು ಮರಾಠಿಯ ‘ರಗಡಣೆ’, ಅಂದರೆ ತಿಕ್ಕುವುದು. ಹೊಸ ರುಬ್ಬುಕಲ್ಲು ಕೊಳ್ಳುವವರಿಗೆ ಒಂದು ಮಾತು: ನೆನೆಸಿದ ಅಕ್ಕಿ ಹಾಕಿ ರುಬ್ಬಿ ಚೆಲ್ಲಿ, ಹಿಟ್ಟನ್ನು ಬೆರಳಲ್ಲಿ ಉಜ್ಜಿದಾಗ ಹರಳು ಸಿಗದಂತಾಗುವವರೆಗೆ. ಮೂರು ಸಲಕ್ಕೆ ಮುಗಿಯಬಹುದು, ಎಂಟು ಸಲವೂ ಬೇಕಾಗಬಹುದು.

ಪಟ್ಟಿಯಲ್ಲಿ ಉಳಿದದ್ದು ಒಂದೇ, ಮೂರು ಕನ್ನಡದಲ್ಲಿ ಮೂರು ಹೆಸರು: ಪೊರಕೆ, ಕಸಬರಗಿ, ಹಿಡಿಸೂಡಿ. ಪುಣೆಯಲ್ಲಿ ಮನೆಯೊಳಗಿನದು ‘ಕೇರಸುಣೀ’, ದೀಪಾವಳಿಯಲ್ಲಿ ಲಕ್ಷ್ಮಿಯೆಂದು ಪೂಜಿಸುವುದು ಅದನ್ನೇ. ಅಂಗಳದ ಕಡ್ಡಿಪೊರಕೆ ‘ಖರಾಟಾ’. ಒಂದರ ಕೆಲಸಕ್ಕೆ ಇನ್ನೊಂದನ್ನು ಕೊಡುವುದಿಲ್ಲ, ಎಲ್ಲಿ ಗುಡಿಸಲು ಎಂದು ಅಂಗಡಿಯವರೇ ಕೇಳುತ್ತಾರೆ. ಮಡಗಾಂವ್ ಪೇಟೆಯಲ್ಲಿ ಅದು ‘ಸಾರಣ್’. ನಮ್ಮಲ್ಲಿ ಸಾರಣೆ ಅಂದರೆ ಸಗಣಿ ಬಳಿಯುವುದು, ಗುಡಿಸಿದ ಮೇಲಿನ ಕೆಲಸ. ತೆಂಗಿನ ಗರಿಯ ಕಡ್ಡಿಯದನ್ನು ಆರಿಸುವಾಗ ಬುಡದ ಕಟ್ಟು ತಿರುಚಿ ನೋಡಿ, ಕಡ್ಡಿ ಹಸಿಯಿದ್ದರೆ ಒಣಗಿದ ಮೇಲೆ ಸಡಿಲಾಗಿ ಒಂದೊಂದೇ ಉದುರುತ್ತದೆ.

ಮುಂಬೈಯ ರಾತ್ರಿ ರೈಲಿಗೆ ಕಟ್ಟುವ ಕ್ರಮ ಹೀಗೆ: ಕುಂಡ್ಲೆಂ ಒಳಗೆ ಬಟ್ಟೆ ತುರುಕಿ ಟೋಪಿನೊಳಗೆ, ಟೋಪು ಪರಾತದೊಳಗೆ, ತವಾ ಎಲ್ಲಕ್ಕಿಂತ ಕೆಳಗೆ, ಈಳಿಗೆಯ ಅಲಗಿಗೆ ರಟ್ಟು ಸುತ್ತಿ ದಾರ. ಪೊರಕೆಯನ್ನು ಬರ್ತಿನ ಕೆಳಗೆ ಅಡ್ಡ ಮಲಗಿಸಬೇಡಿ, ಕಡ್ಡಿ ಬಾಗಿ ಹಾಗೆಯೇ ಉಳಿಯುತ್ತದೆ. ಬುಡ ಕೆಳಗೆ ಮಾಡಿ ಮೂಲೆಯಲ್ಲಿ ನಿಲ್ಲಿಸಿ.